ಮೀನಿನ ಐಸು

ಕೇಳಿ ಇಲ್ಲಿ, ಅರ್ಧಕ್ಕೆ ಎದ್ದು ಹೋಗ್ಬೇಡಿ, ಕೊನೆಗೆ ನಿಮ್ಮನ್ನೇ ಒಂದು ಮಾತು ಕೇಳೋದಿದೆ. ಮೇ ತಿಂಗಳ ಮಧ್ಯಾಹ್ನ, ತೆಕ್ಕಟ್ಟೆ ಹೈವೇ ಪಕ್ಕ ತಗಡಿನ ಶೆಡ್ಡು. ರೋಹನ್ ಕೈಯಲ್ಲಿ ವೀಲ್ ಸ್ಪಾನರ್. ರತೀಶನ ತುಟಿ ಆಗ್ಲೇ ಒಡೆದು ರಕ್ತ ಗಲ್ಲಕ್ಕೆ ಇಳೀತಿತ್ತು.

"ಭೋಜನ್ ಕಾರಿಗ್ ಇನ್ನೂರ ನಲ್ವತ್ಮೂರ್, ನನ್ ಕಾರಿಗ್ ಇನ್ನೂರ ಆರ್," ಅಂದ ರೋಹನ್. "ಅದೇ ಕಾರ್, ಅದೇ ಟರ್ಬೋ. ನನ್ನನ್ ಎಂತ ಅಂದ್ಕಂಡಿದ್ದೆ ನೀನ್?"

ಜಗಳ ಅಷ್ಟೇ. ಶೆಡ್ಡು ರತೀಶಂದು, ಒಳಗೆ ಡೈನೋ ಇದೆ. ಡೈನೋ ಅಂದ್ರೆ ನೆಲದಲ್ಲಿ ಕೂರಿಸಿದ ಉಕ್ಕಿನ ಉರುಳೆ. ಅದರ ಮೇಲೆ ಕಾರಿನ ಚಕ್ರ ನಿಲ್ಲಿಸಿ, ಬೆಲ್ಟ್ ಬಿಗಿದು, ಆಕ್ಸಿಲರೇಟರ್ ಪೂರಾ ಒತ್ತೋದು. ಕಾರು ನಿಂತಲ್ಲೇ ಓಡುತ್ತೆ, ಎಷ್ಟು ಹಾರ್ಸ್‌ಪವರ್ ಅಂತ ಸ್ಕ್ರೀನ್ ಹೇಳುತ್ತೆ. ಭೋಜರಾಜ ರೋಹನನ ದೊಡ್ಡಪ್ಪನ ಮಗ. ಇಬ್ಬರ ಮನೇದೂ ಮುಂಬೈಲಿ ಹೋಟ್ಲು, ಇಬ್ಬರಿಗೂ ಚಡ್ಡಿ ಹಾಕೋ ಕಾಲದಿಂದ ಪೈಪೋಟಿ. ಅವತ್ತು ಬೆಳಿಗ್ಗೆ ಭೋಜ ಬಂದು ಕಾರು ಓಡಿಸಿ, ಸ್ಕ್ರೀನಿನ ಫೋಟೋ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ರೋಹನಂದು ರಿಕ್ಷಾಕ್ಕಿಂತ ಚೂರು ಮೇಲೆ ಅಂತ ಕೆಳಗೆ ಬರೆದಿದ್ದ. ಅತ್ತೆಯಂದಿರೆಲ್ಲ ನಕ್ಕಿದ್ರು.

ಭೋಜ ಬರೀದೇ ಬಿಟ್ಟಿದ್ದು ಐಸಿನ ವಿಷಯ. ರತೀಶನ ಭಾವ ಚಂದ್ರ ಗಂಗೊಳ್ಳಿಯಲ್ಲಿ ಬೋಟಿಗೆ ಐಸು ತುಂಬೋನು. ಟರ್ಬೋ ಒತ್ತಿ ಕಳಿಸೋ ಗಾಳಿ ಕಾದಿರುತ್ತೆ, ಅದನ್ನ ತಣಿಸೋಕೆ ಕಾರಿನ ಮುಂದೆ ಇಂಟರ್‌ಕೂಲರ್ ಇರುತ್ತೆ. ಬೆಳಿಗ್ಗೆ ಚಂದ್ರ ಒಂದು ಕ್ರೇಟ್ ಐಸನ್ನ ಗೋಣಿಯಲ್ಲಿ ಕಟ್ಟಿ ಇಂಟರ್‌ಕೂಲರಿಗೆ ಒರಗಿಸಿ, ಬಂಗಡೆ ಮೀನು ಇಟ್ಟ ಹಾಗೆ ಭೋಜನ ಕಾರನ್ನೂ ಐಸಲ್ಲಿಟ್ಟಿದ್ದ. ಆ ನಂಬರಿನಲ್ಲಿ ಮೂವತ್ತಕ್ಕೂ ಮೇಲೆ ಐಸಿನ ಪಾಲು. ರತೀಶನಿಗೆ ಗೊತ್ತಿತ್ತು. ಫೋಟೋ ನೋಡಿ ನಾಲ್ಕು ಗಿರಾಕಿ ಬರ್ಲಿ ಅಂತ ಸುಮ್ನಿದ್ದ.

ರೋಹನ್ ಬರೋ ಹೊತ್ತಿಗೆ ಐಸು ಕರಗಿತ್ತು, ಚಂದ್ರ ಮತ್ತೆ ತರೋಕೆ ಹೋಗಿದ್ದ. ಐಸಿನ ಮಾತೆತ್ತದೆ ರತೀಶ ಕಾಯಿರಿ ಅಂದ್ರೂ ರೋಹನ್ ಕೇಳ್ಲಿಲ್ಲ. ಒಂದೊಂದು ಸಲ ಓಡಿಸಿದಾಗ್ಲೂ ನಂಬರು ಇಳೀತಾ ಹೋಯ್ತು. ಗಾಳಿ ಬಿಸಿಯಾದ್ರೆ ಪಿಸ್ಟನ್ ಸುಡ್ಬಾರ್ದು ಅಂತ ಕಾರಿನ ಕಂಪ್ಯೂಟರೇ ಪವರ್ ಇಳಿಸುತ್ತೆ ಅಂತ ರತೀಶ ಒಡೆದ ತುಟಿಯಲ್ಲೇ ಬಿಡಿಸಿ ಹೇಳ್ದ.

"ಕಾರ್ ಮೋಸ ಮಾಡುದಲ್ಲ ರೋಹನಣ್ಣ, ಜೀವ ಉಳ್ಸ್ಕಂತಿತ್."

"ಸೆಖಿ ಅಂಬ್ರ್," ಅಂದ ರೋಹನ್. "ಎಷ್ಟ್ ಬಿಸಿ ಇತ್ ಕಾಂಬ."

ಬಾನೆಟ್ ತೆರೆದೇ ಇತ್ತು. ರತೀಶನ ಬಲಗೈ ಮಣಿಕಟ್ಟು ಹಿಡಿದು, ಅಂಗೈಯನ್ನ ಟರ್ಬೋದ ಮೇಲೆ ಒತ್ತಿ ಹಿಡಿದ. ಚುಂಯ್ ಅಂತು. ರತೀಶ ಕೂಗಿದ ಕೂಗಿಗೆ ಹೊರಗೆ ಮರದಡಿ ಎಳನೀರು ಕುಡೀತಿದ್ದ ರೋಹನನ ತಂಗಿ ಶರಣ್ಯಾ ಓಡಿ ಬಂದ್ಲು. ಚಪ್ಪಲಿ ಕಳಚಿ ಅಣ್ಣನ ಬೆನ್ನಿಗೆ, ಕತ್ತಿಗೆ ಬಡಿದ್ಲು. ಅವನು ದೂಡಿದ ಏಟಿಗೆ ಉರುಳೆ ಅಂಚಿಗೆ ಬಿದ್ದು ಅವಳ ಮೊಣಕಾಲು ಸೀಳ್ತು. ಕೈ ಬಿಟ್ಟಾಗ ಅಂಗೈ ಚರ್ಮ ಕಬ್ಬಿಣದಲ್ಲೇ ಉಳೀತು.

ಅಷ್ಟೊತ್ತಿಗೆ ಚಂದ್ರ ಕ್ರೇಟ್ ಹೊತ್ಕೊಂಡು ಒಳಗೆ ಬಂದ. ನೋಡ್ದ, ಕ್ರೇಟ್ ಕೆಳಗಿಟ್ಟ, ಜಾಕಿನ ರಾಡ್ ಎತ್ಕೊಂಡು ರೋಹನನ ಹೆಗಲಿಗೆ ಬೀಸಿದ. ರೋಹನ್ ತಿರುಗಿ ಸ್ಪಾನರಿಂದ ಚಂದ್ರನ ಮಂಡಿಗೆ ಹೊಡೆದ. ಎಲುಬು ಮುರಿದದ್ದು ಎಲ್ಲರಿಗೂ ಕೇಳ್ತು. ಚಂದ್ರ ಅಲ್ಲೇ ಕುಸಿದ.

ಆಗ ರೋಹನನ ಕಣ್ಣು ಐಸಿನ ಮೇಲೆ ಬಿತ್ತು.

"ಓ, ಇದಾ ವಿಷ್ಯ."

ತಾನೇ ಅರ್ಧ ಐಸನ್ನ ಗೋಣಿಗೆ ತುಂಬಿ ಕಟ್ಟಿದ, ತಾನೇ ಕಾರಿನ ಮುಂಭಾಗಕ್ಕೆ ಒರಗಿಸಿದ, ಕೂತು ಕಾದ, ತಾನೇ ಓಡಿಸಿದ. ಇನ್ನೂರ ನಲ್ವತ್ನಾಲ್ಕು. ನಕ್ಕು ಫೋಟೋ ತೆಗೆದ. ಇದೇ ಪವರ್ ರೋಡಲ್ಲೂ ಬೇಕು, ಬಿಸಿಗೆ ಇಳಿಸೋ ಆ ಕಾವಲನ್ನ ಕಂಪ್ಯೂಟರಿಂದ ತೆಗಿ ಅಂದ.

"ತೆಗದ್ರೆ ಇಂಜಿನ್ ಸಾಯ್ತ್."

"ಇನ್ನೊಂದ್ ಕೈ ಇತ್ತಲೆ ನಿಂಗ್?"

ರತೀಶ ಎಡಗೈಲಿ ಲ್ಯಾಪ್‌ಟಾಪ್ ತೆರೆದ. ಇಲ್ಲಿ ಕೇಳಿ, ತೆಗೀದೇನೇ ತೆಗ್ದೆ ಅಂದಿದ್ರೂ ರೋಹನನಿಗೆ ಗೊತ್ತಾಗ್ತಿರಲಿಲ್ಲ. ರತೀಶ ನಿಜವಾಗ್ಲೂ ತೆಗ್ದ. ಜೋರಾಗಿ ಓಡೋವಾಗ ಇಂಜಿನ್ ಬಿಗಿದು ನಿಂತ್ರೆ ಮುಂದಿನ ಚಕ್ರವೂ ನಿಂತು ಕಾರು ಪಲ್ಟಿ ಆಗಬಹುದು ಅನ್ನೋದನ್ನ ಹೇಳ್ಲೂ ಇಲ್ಲ.

"ಬೈಂದೂರ್ ತನ್ಕ ಹೊಡ್ದ್ ಬತ್ತೆ," ಅಂತ ರೋಹನ್ ಗೋಣಿ ಕಿತ್ತೆಸೆದು ಕಾರನ್ನ ಹೊರಗೆ ತೆಗೆದು ಹಾರ್ನ್ ಹೊಡೆದ. ಶರಣ್ಯಾ ತನ್ನ ಶಾಲನ್ನ ನೀರಲ್ಲಿ ಅದ್ದಿ ರತೀಶನ ಕೈಗೆ ಸುತ್ತುತ್ತಿದ್ಲು. ಇನ್ನೊಂದು ಹಾರ್ನ್. "ಆಸ್ಪತ್ರಿಗ್ ಹೋಯ್ಕ್ ನೀವ್," ಅಂದು ಎದ್ದು, ಕುಂಟುತ್ತಾ ಹೋಗಿ ಅಣ್ಣನ ಪಕ್ಕದ ಸೀಟಲ್ಲಿ ಕೂತ್ಲು. ರತೀಶ ಬಾಯಿ ತೆರೆಯೋದ್ರೊಳಗೆ ಕಾರು ಹೈವೇ ಹತ್ತಿತ್ತು.

ಈಗ ರತೀಶನ ಬಲಗೈ ಐಸಿನ ಕ್ರೇಟಿನೊಳಗಿದೆ, ಶಾಲಿನ ಸಮೇತ. ಕರಗಿದ ನೀರು ನಸುಗೆಂಪಾಗಿ ಉರುಳೆ ಕಡೆ ಹರೀತಿದೆ. ಎಡಗೈಲಿ ಫೋನು, ಅದರಲ್ಲಿ ರೋಹನನ ನಂಬರು.

"ಹೋಯ್ಲಿ ಬಿಡ್," ಅಂತಾನೆ ಚಂದ್ರ, ಮಂಡಿ ಹಿಡ್ಕೊಂಡು ನೆಲದಲ್ಲಿ ಬಿದ್ದಲ್ಲಿಂದ.

ಟರ್ಬೋ ಸಿಳ್ಳೆ ಕುಂದಾಪುರದ ಕಡೆ ಸಣ್ಣಗಾಗ್ತಾ ಇದೆ, ಇನ್ನೂ ಕೇಳ್ತಿದೆ. ಹೇಳಿ, ಆ ಫೋನು ನಿಮ್ಮ ಕೈಲಿದ್ದಿದ್ರೆ ಏನು ಮಾಡ್ತಿದ್ರಿ?