ಟೈ ಮೇಷ್ಟ್ರ ತೋಳು

ಹುಡುಗಿ ಕಾಲರಿಗೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಎಳೆಯುತ್ತಿದ್ದಳು. ಪಕ್ಕದಲ್ಲಿ ಚಿಕ್ಕಮ್ಮ ಬಟ್ಟೆ ಮಡಚುತ್ತಿದ್ದಳು. ಟೈ ಮೇಷ್ಟ್ರು ಅಂಗಡಿಯ ಮೆಟ್ಟಿಲು ಹತ್ತಿದ್ದೇ ತಡ, ಹುಡುಗಿ ತಲೆ ಇನ್ನಷ್ಟು ತಗ್ಗಿಸಿದಳು. ಶಾಲೆ ಅರ್ಧಕ್ಕೇ ಬಿಟ್ಟವಳಿಗೆ ಮೇಷ್ಟ್ರೆಂದರೆ ಇವತ್ತಿಗೂ ಭಯ.

ನಿವೃತ್ತರಾದ ಮೇಲೂ ಅವರು ಟೈ ಬಿಟ್ಟವರಲ್ಲ. ಹಾಲು ತರಲು ಹೋಗುವಾಗಲೂ ಕತ್ತಿನಲ್ಲಿ ಅದು ಇರಲೇಬೇಕು.

"ಈ ಕೋಟಿಗೆ ಇಸ್ತ್ರಿ ಆಗ್ಬೇಕಮ್ಮ. ಮಗಳು ಊಟಕ್ಕೆ ಕರೆದಿದ್ದಾಳೆ."

ಚಿಕ್ಕಮ್ಮನ ಕೈ ನಿಂತಿತು. ಮಗಳ ಮದುವೆಯ ಜಗಳವಾದಾಗಿನಿಂದ ಅಪ್ಪ, ಮಗಳು ಮುಖ ಕೊಟ್ಟು ಮಾತಾಡಿರಲಿಲ್ಲ. ಅದು ಬೀದಿಗೇ ಗೊತ್ತಿತ್ತು.

"ಕರೆದ್ಲಾ! ಏನಂದ್ಲು?"

"'ಕ್ಯಾಶುವಲ್ಲಾಗಿ ಬಾಪ್ಪಾ' ಅಂದ್ಳು." ಮೇಷ್ಟ್ರು ಕೆಮ್ಮಿದರು. "ಇಡೀ ಆಯಸ್ಸು ಇಂಗ್ಲಿಷ್ ಪಾಠ ಮಾಡಿದೀನಿ. ನಿದ್ದೇಲಿ ಎಬ್ಬಿಸಿದ್ರೂ ಆ ಪದದ ಅರ್ಥ ಹೇಳ್ತೀನಿ. ಆದ್ರೆ ಹಾಗೆ ಇರೋದು ಹೇಗೆ ಅಂತ ಗೊತ್ತಿಲ್ಲಮ್ಮ. ಇದೊಂದು ಸಲ ಕೆಡಿಸ್ಕೊಂಡ್ರೆ ಅವಳು ಮತ್ತೆ ಕರೆಯಲ್ಲ."

ಮೇಷ್ಟ್ರೊಬ್ಬರು 'ಗೊತ್ತಿಲ್ಲ' ಎಂದದ್ದನ್ನು ಹುಡುಗಿ ಕೇಳಿದ್ದು ಅದೇ ಮೊದಲು. ಅವರ ಮೇಲಿನ ಗೌರವ ಹೆಚ್ಚೇ ಆಯಿತು.

ಚಿಕ್ಕಮ್ಮ ಕಾಲಲ್ಲೇ ಸ್ಟೂಲು ಎಳೆದಳು. "ಅದೇನು ಬ್ರಹ್ಮವಿದ್ಯೆನಾ? ಕೂತ್ಕೊಳ್ಳಿ ಅಣ್ಣಾ. ಈ ಕೋಟು ಹಾಕ್ಕೊಂಡು ಹೋದ್ರೆ ಮಗಳು ಎದ್ದುನಿಂತು 'ಗುಡ್ ಮಾರ್ನಿಂಗ್ ಸಾರ್' ಅಂತಾಳಷ್ಟೆ. ಕೈ ಕೊಡಿ ಇಲ್ಲಿ."

ಮೇಷ್ಟ್ರಿಗೆ ನಗು ಬಂದುಬಿಟ್ಟಿತು. ಚಿಕ್ಕಮ್ಮ ಅವರ ಶರ್ಟಿನ ತೋಳನ್ನು ಮೊಣಕೈವರೆಗೆ ಮಡಚುತ್ತಾ ಬೆಲೆ ಏರಿದ ಸೋಪಿನ ಬಗ್ಗೆ, ಕೈಕೊಡುವ ಕರೆಂಟಿನ ಬಗ್ಗೆ ಹರಟಿದಳು. ಅವರು ಮಡಚಿದ ತೋಳನ್ನು ಮತ್ತೆ ಕೆಳಗೆ ಎಳೆದುಕೊಳ್ಳಲು ಹೋದರು. ಅವಳು ನೋಡಿಯೂ ನೋಡದವಳ ಹಾಗೆ ಆ ಕೈಯನ್ನು ತನ್ನ ಮಂಡಿಯ ಮೇಲೆ ಇಟ್ಟುಕೊಂಡಳು. ಹುಡುಗಿ ಕಣ್ಣು ಕೀಳದೆ ನೋಡಿದಳು. ಚಿಕ್ಕಮ್ಮನದು ಬಾಯಿಬಡುಕತನ ಎಂದೇ ಇಷ್ಟು ದಿನ ತಿಳಿದಿದ್ದಳು. ಈಗ ನೋಡಿದರೆ ಆ ಹರಟೆಯ ಒಂದು ಮಾತೂ ದಂಡಕ್ಕೆ ಹೋಗಿರಲಿಲ್ಲ. ಮೇಷ್ಟ್ರ ಬೆನ್ನು ಆಗಲೇ ಗೋಡೆಗೆ ಒರಗಿತ್ತು.

"ಕೋಟು ಇಲ್ಲೇ ಇರ್ಲಿ," ಎಂದು ಚಿಕ್ಕಮ್ಮ ಅದನ್ನು ಗೂಟಕ್ಕೆ ಸಿಕ್ಕಿಸಿ, ನೀರು ತರಲು ಒಳಗೆ ಹೋದಳು.

ಮೇಷ್ಟ್ರು ಎದ್ದರು. ಹೊಸ್ತಿಲಲ್ಲಿ ನಿಂತು ಅಭ್ಯಾಸಬಲದಿಂದ ಕತ್ತಿಗೆ ಕೈಯೊಯ್ದು ಟೈ ಬಿಗಿ ಮಾಡಿಕೊಂಡರು. ಬೆನ್ನು ಮತ್ತೆ ಸೆಟೆಯಿತು.

ಹುಡುಗಿ ಒಳಬಾಗಿಲ ಕಡೆ ನೋಡಿದಳು. ಚಿಕ್ಕಮ್ಮ ಇನ್ನೂ ಬಂದಿರಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟು, ಜೀವಮಾನದಲ್ಲಿ ಮೊದಲ ಸಲ ಗಿರಾಕಿಯೊಬ್ಬರ ಮುಂದೆ ತಾನಾಗಿಯೇ ಕೈ ಚಾಚಿದಳು.

"ಮೇಷ್ಟ್ರೇ, ಟೈ ನನ್ನ ಕೈಗೆ ಕೊಟ್ಟು ಹೋಗಿ."