ಆರೂ ಬದಿಗೆ ಹೆಸರು

ಪೆಟ್ಟಿಗೆ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರು ದೋಹಾದಲ್ಲಿ ಯಾರೂ ಇರಲಿಲ್ಲ. ಜಂಬ ಅಂತ ಬೇಕಾದರೆ ತಿಳಿದುಕೊಳ್ಳಿ, ನನಗೇನೂ ಬೇಸರ ಇಲ್ಲ. ಊರಿಗೆ ಹೋಗುವವರು ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರಿರಲಿ, ಬಂಟರಿರಲಿ, ಕೊಂಕಣಿ ಕ್ರಿಶ್ಚಿಯನ್ನರಿರಲಿ, ಅಲ್ ಹಿಲಾಲ್‌ನ ನನ್ನ ಫ್ಲ್ಯಾಟಿಗೆ ಕಾರ್ಟನ್ ಹೊತ್ತುಕೊಂಡು ಬರುತ್ತಿದ್ದರು. "ಹಮೀದಾಕ, ಒಂದು ಕಟ್ಟಿ ಕೊಡಿ ಮಾರಾಯ್ರೆ" ಅಂದರೆ ಸಾಕು, ನಾನು ಊಟದ ತಟ್ಟೆ ಬಿಟ್ಟು ಏಳುತ್ತಿದ್ದೆ. ಟೇಪು ಎಳೆದು, ಹಳದಿ ಹಗ್ಗ ಬಿಗಿದು, ಕೊನೆಗೆ ದಪ್ಪ ಮಾರ್ಕರಿನಲ್ಲಿ ಹೆಸರು ಬರೆಯುವುದು. ಯಾರಿಂದ, ಯಾರಿಗೆ, ಊರು, ಫೋನ್ ನಂಬರ್, ಎಲ್ಲ ಆರೂ ಬದಿಗೆ.

ಆರು ಬದಿಗೆ ಯಾಕೆ ಅಂದರೆ, ತೊಂಬತ್ತೊಂದರಲ್ಲಿ ತಂಗಿಯ ಮದುವೆಗೆ ಅಂತ ಒಯ್ದ ಕಾರ್ಟನ್ ಬೊಂಬಾಯಿ ಏರ್‌ಪೋರ್ಟಿನಲ್ಲಿ ಕಾಣೆಯಾಯಿತು. ಮೇಲೆ ಒಂದೇ ಕಡೆ ಹೆಸರು ಬರೆದಿದ್ದೆ. ಪೆಟ್ಟಿಗೆ ಮಗುಚಿ ಬಿದ್ದಿತ್ತಂತೆ, ಯಾವನೋ ತನ್ನದು ಅಂತ ಎತ್ತಿಕೊಂಡು ಹೋದ. ನನ್ನನ್ನು ಹೆತ್ತ ಉಮ್ಮ ಅತ್ತದ್ದು ಇನ್ನೂ ಕಿವಿಯಲ್ಲಿ ಉಂಟು. ಅಂದಿನಿಂದ ಹೆಸರಿಲ್ಲದ ಪೆಟ್ಟಿಗೆ ನನ್ನ ಕೈಯಿಂದ ಹೊರಗೆ ಹೋದದ್ದಿಲ್ಲ.

ಈಗ ತುರ್ಸುನ್‌ನ ವಿಷಯ ಹೇಳುತ್ತೇನೆ. ನಮ್ಮ ಬಿಲ್ಡಿಂಗಿನ ಹಿಂದೆ ಒಂದು ಬೇಕರಿ ಉಂಟು. ಅಲ್ಲಿ ಒಲೆಯ ಮುಂದೆ ನಿಂತು ರೊಟ್ಟಿ ಮಾಡುವವನು ಅವನು. ಮುಖ ನೋಡಿದರೆ ನೇಪಾಳಿಯಾ, ಇರಾನಿಯಾ ಅಂತ ಹೇಳಲಿಕ್ಕೆ ಆಗುವುದಿಲ್ಲ. ಚೀನಾದ ಪಶ್ಚಿಮದ ತುದಿಯಲ್ಲಿ ಕಾಶ್ಗರ್ ಅಂತ ಊರು ಉಂಟಲ್ಲ, ಅದರ ಹತ್ತಿರದ ಉಯ್ಘರ್ ಹುಡುಗ. ಹುಡುಗ ಅಂದರೆ ಮೂವತ್ತಾರು ವರ್ಷ. ಅರಬ್ಬಿ ಕಲಿಯಲಿಕ್ಕೆ ಅಂತ ಕೈರೋಗೆ ಹೋಗಿ, ಅಲ್ಲಿಂದ ದೋಹಾಕ್ಕೆ ಬಂದವ. ಮಸೀದಿಯಲ್ಲಿ ನನ್ನ ಬಲಬದಿಗೆ ನಿಲ್ಲುತ್ತಿದ್ದ. ನನ್ನನ್ನು "ಅಕಾ" ಅನ್ನುತ್ತಿದ್ದ, ಅಂದರೆ ಅವರಲ್ಲಿ ಅಣ್ಣ. ಪಾಸ್‌ಪೋರ್ಟಿನ ಅವಧಿ ಮುಗಿದುಹೋಗಿದೆ, ಊರಿಗೆ ಹೋದರೆ ತಿರುಗಿ ಬರುವ ಹಾಗಿಲ್ಲ ಅನ್ನುತ್ತಿದ್ದ. ಗಲ್ಫಿನಲ್ಲಿ ಇದು ಎಷ್ಟು ಜನರ ಕಥೆ ಅಲ್ಲ? ನಾನು ಅದನ್ನು ಅಷ್ಟಕ್ಕೇ ಕೇಳಿ ಬಿಟ್ಟೆ. ಬಿಟ್ಟದ್ದೇ ತಪ್ಪಾಯಿತು.

ಎರಡು ಸಾವಿರದ ಒಂಬತ್ತರ ಏಪ್ರಿಲಿನಲ್ಲಿ ನಾನು ಕಾಶ್ಗರಿಗೆ ಹೊರಟೆ. ಉಮ್ಮ್ ಸಲಾಲ್‌ನಲ್ಲಿ ನನ್ನದು ಡ್ರೈಫ್ರೂಟ್ಸ್ ಅಂಗಡಿ. ಆ ಕಡೆಯ ಒಣದ್ರಾಕ್ಷಿ, ಅಕ್ರೋಟು ಒಳ್ಳೆಯದಂತ ಕೇಳಿದ್ದೆ. ಸುದ್ದಿ ಗೊತ್ತಾದ ದಿನವೇ ತುರ್ಸುನ್ ಹಿಟ್ಟಿನ ಕೈಯಲ್ಲೇ ಓಡಿ ಬಂದ. ಒಂದು ಪೆಟ್ಟಿಗೆ ಒಯ್ಯಬಹುದಾ ಅಂತ ಕೇಳಿದ. ಇದು ಕೇಳುವ ಮಾತಾ? ಊರಿಗೆ ಹೋಗುವವ ಇನ್ನೊಬ್ಬನ ಪೆಟ್ಟಿಗೆ ಒಯ್ಯದಿದ್ದರೆ ಅವನು ಗಲ್ಫಿನವನೇ ಅಲ್ಲ. ಅವನ ಉಮ್ಮನಿಗೆ ಖರ್ಜೂರ, ಝಂಝಂ ನೀರು, ಉಣ್ಣೆಯ ಶಾಲು, ಒಂದು ಕನ್ನಡಕ ಇಟ್ಟಿದ್ದ. ನನ್ನ ಹೆಂಡತಿ ಝೈನಬ ತನ್ನ ಪಾಲಿಗೆ ಎರಡು ಬಾಟ್ಲಿ ಆಕ್ಸ್ ಆಯಿಲ್ ಹಾಕಿದಳು, ಮಂಡಿನೋವಿಗೆ ಆಗುತ್ತದೆ ಅಂತ.

"ಅಕಾ, ಮೇಲೆ ಏನೂ ಬರೆಯಬೇಡಿ" ಅಂದ ತುರ್ಸುನ್. "ಮನೆಗೆ ಹೋಗುವುದೂ ಬೇಡ. ಬಸ್ ಸ್ಟ್ಯಾಂಡಿನ ಎದುರು ಕರೀಮ್ ಅಂತ ನನ್ನ ದೋಸ್ತಿಯ ಬೀಗ ರಿಪೇರಿ ಅಂಗಡಿ ಉಂಟು. ಅವನ ಕೈಯಲ್ಲಿ ಕೊಟ್ಟು ಬನ್ನಿ, ಖಲಾಸ್. ತಮ್ಮ ಎಕ್ರಮ್ ಬಂದು ಒಯ್ಯುತ್ತಾನೆ."

ಯಾಕೆ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ನನಗೆ ಸಿಟ್ಟು ಬಂದಿತ್ತು, ಅದು ನಿಜ. ಅಲ್ಲ, ನನಗೆ ಪೆಟ್ಟಿಗೆ ಕಟ್ಟುವ ಪಾಠ ಹೇಳಲಿಕ್ಕೆ ಇವನು ಯಾರು? ಹೆಸರಿಲ್ಲದೆ ಮೂರು ಏರ್‌ಪೋರ್ಟ್ ದಾಟಿಸುವುದಾ? ಮತ್ತೆ, ಪೆಟ್ಟಿಗೆಯನ್ನು ಯಾವುದೋ ಬೀಗದ ಅಂಗಡಿಯಲ್ಲಿ ಬಿಸಾಡಿ ಬರುವುದು ನಮ್ಮಲ್ಲಿ ಇಲ್ಲ. ಮನೆಗೆ ಹೋಗಬೇಕು, ಉಮ್ಮನ ಮುಖ ನೋಡಬೇಕು, ಚಾ ಕುಡಿಯಬೇಕು, ವಾಪಸು ಬಂದು "ನಿನ್ನ ಉಮ್ಮ ಸ್ವಲ್ಪ ಸೊರಗಿದ್ದಾರೆ, ಆದರೆ ಹುಷಾರಿದ್ದಾರೆ" ಅಂತ ಹೇಳಬೇಕು. ಅದಲ್ಲವಾ ಮರ್ಯಾದೆ? ಅವನ ಹತ್ತಿರ ತಲೆ ಆಡಿಸಿದೆ. ಮನೆಗೆ ಬಂದು ಮಾರ್ಕರ್ ತೆಗೆದೆ.

"ಅವನು ಬೇಡ ಅಂದಿದ್ದಾನಲ್ಲ" ಅಂದಳು ಝೈನಬ.

"ನಿನಗೆ ಎಂತ ಗೊತ್ತು, ಸುಮ್ಮನಿರು" ಅಂದೆ. ಆರೂ ಬದಿಗೆ ಇಂಗ್ಲಿಷಿನಲ್ಲಿ ಬರೆದೆ. ತುರ್ಸುನ್, ದೋಹಾ, ಕತಾರ್. ಕೆಳಗೆ ಅವನ ಉಮ್ಮನ ಹೆಸರು, ಊರು. ವಿಳಾಸ ಅವನ ಹಳೆಯ ಪಾಸ್‌ಪೋರ್ಟಿನಲ್ಲಿ ಇತ್ತು. ಒಮ್ಮೆ ಟೈಪಿಂಗ್ ಸೆಂಟರಿನಲ್ಲಿ ಅರ್ಜಿ ಮಾಡಿಸಲಿಕ್ಕೆ ಅದರ ಕಾಪಿ ನನ್ನ ಕೈಯಲ್ಲಿ ಕೊಟ್ಟಿದ್ದ, ನಾನು ಇಟ್ಟುಕೊಂಡಿದ್ದೆ.

ಕಾಶ್ಗರಿನಲ್ಲಿ ಇಳಿದಾಗ ನನಗೆ ಖುಷಿಯೋ ಖುಷಿ. ಗಡ್ಡದ ಮುದುಕರು, ಚೌಕುಳಿ ಟೊಪ್ಪಿ, ಕಬಾಬಿನ ಹೊಗೆ. ಸಲಾಂ ಹೇಳಿದರೆ ಎದೆಗೆ ಕೈ ಇಟ್ಟು ತಿರುಗಿ ಸಲಾಂ ಹೇಳುತ್ತಾರೆ. ಭಾಷೆ ಬಾರದಿದ್ದರೂ ಒಂದು ತುಂಡು ರೊಟ್ಟಿ ಮುರಿದು ಕೈಗೆ ಕೊಡುತ್ತಾರೆ. ಆದರೆ ಒಂದು ಗಮನಿಸಿದೆ. ಮಾತಾಡುವಾಗ ನನ್ನ ಮುಖ ನೋಡುವುದಕ್ಕಿಂತ ಹೆಚ್ಚು ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ಯಾರಾದರೂ ಬಂದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಊರಲ್ಲಿ ಗಲಾಟೆಯಾದ ಮಾರನೇ ದಿನ ನಾವು ಬ್ಯಾರಿಗಳು ಪೇಟೆಯಲ್ಲಿ ಹೇಗೆ ಇರುತ್ತೇವೆ, ಹಾಗೆ. ಅದನ್ನು ಕಂಡ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಹೊಟೇಲಿನ ರಿಸೆಪ್ಶನ್ ಹುಡುಗಿಯ ಹತ್ತಿರ ಪೆಟ್ಟಿಗೆಯ ಮೇಲೆ ಚೀನಿಯಲ್ಲೂ ಬರೆಸಿದೆ, ದಾರಿ ಕೇಳಲಿಕ್ಕೆ ಸುಲಭ ಆಗಲಿ ಅಂತ.

ತುರ್ಸುನ್‌ನ ಊರಿಗೆ ಬಸ್ಸಿನಲ್ಲಿ ನಾಲ್ಕು ಗಂಟೆ. ಮಧ್ಯದಲ್ಲಿ ಚೆಕ್‌ಪೋಸ್ಟ್, ಎಲ್ಲರನ್ನೂ ಇಳಿಸಿದರು. ಒಬ್ಬ ಎಳೆ ಪ್ರಾಯದ ಪೊಲೀಸ್ ನನ್ನ ಪೆಟ್ಟಿಗೆಯ ಮೇಲಿನ ಅಕ್ಷರ ಓದಿದ. ಮೊಬೈಲ್ ತೆಗೆದು ಫೋಟೋ ಹೊಡೆದ. ಮಗುಚಿ ಮಗುಚಿ ಎಲ್ಲ ಬದಿಯ ಫೋಟೋ ಹೊಡೆದ. ಆಮೇಲೆ ನಗಾಡಿ "ವೆಲ್‌ಕಮ್" ಅಂದ. ನೋಡು, ಹೆಸರು ಬರೆದದ್ದಕ್ಕೆ ಎಷ್ಟು ಸಲೀಸಾಗಿ ಬಿಟ್ಟರು ಅಂತ ನಾನು ಬಸ್ಸಿನಲ್ಲಿ ಕೂತು ಒಳಗೊಳಗೇ ಉಬ್ಬಿದೆ.

ಬಸ್ ಇಳಿದಾಗ ಕರೀಮ್‌ನ ಅಂಗಡಿ ಎದುರಿಗೇ ಕಂಡಿತು. ದಾಟಿ ನಡೆದೆ. ಪೆಟ್ಟಿಗೆಯನ್ನು ತೋರಿಸಿ ತೋರಿಸಿ ನಾಲ್ಕು ಜನರ ಹತ್ತಿರ ದಾರಿ ಕೇಳಿ ಮನೆ ಮುಟ್ಟಿದೆ.

ಬಾಗಿಲು ತೆಗೆದದ್ದು ತಮ್ಮ ಎಕ್ರಮ್. ಪೆಟ್ಟಿಗೆ ನೋಡಿದ, ಬೀದಿಯ ಎರಡೂ ಕಡೆ ನೋಡಿದ. ನನ್ನನ್ನು ಒಳಗೆ ಎಳೆದು ಬಾಗಿಲು ಹಾಕಿದ. ಉಮ್ಮ ಬಂದರು. ಸಣ್ಣ ಜೀವ, ಬಿಳಿ ಶಾಲು. "ತುರ್ಸುನ್" ಅಂತ ನಾನು ಪೆಟ್ಟಿಗೆ ಮುಟ್ಟಿ ತೋರಿಸಿದ್ದೇ ತಡ, ಅದನ್ನು ಮಗುವನ್ನು ಅಪ್ಪಿದ ಹಾಗೆ ಅಪ್ಪಿಕೊಂಡು ಕೂತರು. ಅಕ್ಷರದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಓದಲಿಕ್ಕೆ ಬರುವುದಿಲ್ಲ, ಮಗನ ಹೆಸರು ಯಾವುದು ಅಂತ ಕೇಳುತ್ತಿದ್ದಾರೆ. ನಾನು ಅವರ ಬೆರಳು ಹಿಡಿದು ಒಂದೊಂದೇ ಅಕ್ಷರದ ಮೇಲೆ ಎಳೆದು ತೋರಿಸಿದೆ. ಎಷ್ಟು ನಕ್ಕರು ಗೊತ್ತುಂಟಾ.

ಎಕ್ರಮ್ ಚೂರಿ ತಂದು ಅಕ್ಷರಗಳನ್ನು ಹೆರೆಯಲಿಕ್ಕೆ ಶುರುಮಾಡಿದ. ಎಂಥ ಒರಟ ಅಂತ ನನಗೆ ಅನಿಸಿತು. ಅವನಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು.

"ಇದನ್ನು ಯಾರು ನೋಡಿದರು?"

"ಎಲ್ಲರೂ ನೋಡಿದರು. ಪೊಲೀಸರೂ ನೋಡಿದರು. ಒಳ್ಳೆಯ ಜನ, ಫೋಟೋ ತೆಗೆದರು."

ಅವನು ಚೂರಿ ಕೆಳಗಿಟ್ಟ. ಹೇಳಿದ, "ನಮ್ಮ ಅಣ್ಣ ಇಲ್ಲಿನ ಸರ್ಕಾರದ ಕಾಗದದಲ್ಲಿ ದಕ್ಷಿಣದ ಒಂದು ಫ್ಯಾಕ್ಟರಿಯಲ್ಲಿ ಇದ್ದಾನೆ. ಆರು ವರ್ಷದಿಂದ ಕೇಳಿದವರಿಗೆಲ್ಲ ನಾನು ಹಾಗೆ ಹೇಳಿ ಸಹಿ ಹಾಕಿದ್ದೇನೆ. ಸರ್ಕಾರಕ್ಕೆ ಹೇಳದೆ ಹೊರದೇಶಕ್ಕೆ ಅರಬ್ಬಿ ಓದಲಿಕ್ಕೆ ಹೋದ ಅಂತ ಗೊತ್ತಾದರೆ ನಮ್ಮನ್ನು ಬಿಡುವುದಿಲ್ಲ."

ಯಾ ಅಲ್ಲಾ! ಕ್ಷಮಿಸು ಅಂತ ಎಷ್ಟು ಸಲ ಅಂದೆನೋ. ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಒಳ್ಳೆಯದಿತ್ತು. "ಅಣ್ಣನಿಗೆ ಹೇಳಬೇಡಿ, ಅವನು ಅಲ್ಲಿ ಒಬ್ಬನೇ ಇದ್ದಾನೆ" ಅಂದ. ಉಮ್ಮನಿಗೆ ಇದೊಂದೂ ಅರ್ಥ ಆಗಲಿಲ್ಲ. ರೊಟ್ಟಿ ಮುರಿದು ನನ್ನ ಬಾಯಿಗೇ ಇಟ್ಟರು. ಹೊರಡುವಾಗ ನಡುವೆ ಹೂವಿನ ಅಚ್ಚು ಒತ್ತಿದ ಒಂದು ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು, ಮಗನಿಗೆ ಅಂತ.

ದೋಹಾದಲ್ಲಿ ತುರ್ಸುನ್ ಆ ರೊಟ್ಟಿಯನ್ನು ಮೂಸಿ ನೋಡಿ ಅತ್ತ. ಕಲ್ಲಾಗಿತ್ತು ಅದು. ನೀರಲ್ಲಿ ಅದ್ದಿ ತಿಂದ.

"ಕರೀಮ್‌ನ ಕೈಯಲ್ಲೇ ಕೊಟ್ಟಿರಲ್ಲ ಅಕಾ?"

"ಹೌದು" ಅಂದೆ. "ನಿನ್ನ ತಮ್ಮ ಬಂದು ಒಯ್ದ. ರೊಟ್ಟಿ ತಂದು ಕೊಟ್ಟ." ಎಕ್ರಮ್ ಹೇಳಬೇಡ ಅಂದದ್ದು ನಿಜ. ಆದರೆ ಅವನು ಹೇಳದಿದ್ದರೂ ನಾನು ಸುಳ್ಳೇ ಹೇಳುತ್ತಿದ್ದೆ. ಹೆದರಿದ್ದೆ ನಾನು. ಹಮೀದಾಕನಿಂದ ತಪ್ಪಾಯಿತು ಅಂತ ಹೇಳಲಿಕ್ಕೆ ನನ್ನ ನಾಲಿಗೆ ತಿರುಗಲಿಲ್ಲ.

ತುರ್ಸುನ್ ಹದಿನೈದು ದಿನಕ್ಕೊಮ್ಮೆ ಕರೀಮ್‌ನ ಅಂಗಡಿಗೆ ಫೋನ್ ಮಾಡುತ್ತಿದ್ದ. ಕರೀಮ್ ಉಮ್ಮನನ್ನು ಅಂಗಡಿಗೆ ಕರೆದು ತಂದು ಮಾತಾಡಿಸುತ್ತಿದ್ದ. ಮನೆಯವರಿಗೂ ಇವನಿಗೂ ಇದ್ದ ಹಾದಿ ಅದೊಂದೇ. ಯಾರಾದರೂ ಕದ್ದು ಕೇಳಬಹುದು ಅಂತ ಹೆದರಿ ಪೆಟ್ಟಿಗೆಯ ಮಾತನ್ನು ಫೋನಿನಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮೇ ಕೊನೆಗೆ ಒಂದು ಮಧ್ಯಾಹ್ನ ಬೇಕರಿಗೆ ಹೋದರೆ ಒಲೆಯ ಮುಂದೆ ಬೇರೆ ಯಾರೋ ಇದ್ದಾನೆ. ತುರ್ಸುನ್ ಹಿಂದುಗಡೆ ಹಿಟ್ಟಿನ ಚೀಲದ ಮೇಲೆ ಕೂತಿದ್ದ.

"ಎಕ್ರಮ್‌ನನ್ನು ಒಯ್ದರು" ಅಂದ. "ಮನೆ ಜಾಲಾಡಿದರಂತೆ. ನನ್ನ ಹೆಸರು ಬರೆದ ಕಾಗದ ಏನೂ ಮನೆಯಲ್ಲಿ ಇಲ್ಲ ಅಂತ ಅವನು ಹೇಳುತ್ತಿದ್ದನಂತೆ. ಉಮ್ಮನ ಹಾಸಿಗೆ ಸಿಗಿದರು. ಹತ್ತಿಯೊಳಗೆ ರಟ್ಟಿನ ತುಂಡು ಸಿಕ್ಕಿತಂತೆ. ಪೆಟ್ಟಿಗೆಯ ಅಡಿಭಾಗ. ನನ್ನ ಹೆಸರು ಉಂಟಂತೆ ಅದರಲ್ಲಿ, ದೋಹಾ ಅಂತ ಉಂಟಂತೆ."

ನಾನು ಬಂದ ಮೇಲೆ ಎಕ್ರಮ್ ಪೆಟ್ಟಿಗೆಯನ್ನು ಸುಡಲಿಕ್ಕೆ ಹೊರಟಾಗ ಆ ಉಮ್ಮ ಹೆಸರಿದ್ದ ಒಂದು ಬದಿಯನ್ನು ಕದ್ದು ಕತ್ತರಿಸಿ ಇಟ್ಟುಕೊಂಡಿರಬೇಕು. ಯಾವ ಅಕ್ಷರ ಮಗನದು ಅಂತ ಅವರಿಗೆ ಗೊತ್ತಿತ್ತಲ್ಲ. ಬೆರಳು ಹಿಡಿದು ಕಲಿಸಿದವನು ನಾನು.

"ಕರೀಮ್ ಬರೆದದ್ದು, ಆ ನಾಯಿ" ಅಂದ ತುರ್ಸುನ್. "ಪೆಟ್ಟಿಗೆ ತನ್ನ ಕಣ್ಣಿಗೇ ಬಿದ್ದಿಲ್ಲ ಅಂತ ಆಣೆ ಹಾಕುತ್ತಾನೆ! ಅವನ ಕೈಗೆ ಕೊಟ್ಟವರು ನೀವು, ನೀವು ಸುಳ್ಳು ಹೇಳುತ್ತೀರಾ? ಅವನೇ ಬರೆದು ಅವನೇ ಪೊಲೀಸರಿಗೆ ಹೇಳಿಕೊಟ್ಟಿದ್ದಾನೆ. ಅವನಿಗೆ, ನಿನ್ನ ಮುಖಕ್ಕೆ ಮಣ್ಣು ಬೀಳಲಿ, ಇನ್ನು ಸತ್ತರೂ ನಿನಗೆ ಫೋನ್ ಮಾಡುವುದಿಲ್ಲ ಅಂತ ಹೇಳಿ ಇಟ್ಟುಬಿಟ್ಟೆ. ಅವನು ಅಳುತ್ತಿದ್ದ ಅಕಾ. ಕಳ್ಳ, ಅಳುತ್ತಿದ್ದ."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಾಳೆ ಹೇಳುವ, ಶುಕ್ರವಾರದ ಜುಮಾ ಕಳೆಯಲಿ, ಅವನ ದುಃಖ ಸ್ವಲ್ಪ ಇಳಿಯಲಿ ಅಂತ ಐದು ವಾರ ದೂಡಿದೆ. ಅವನು ಮಸೀದಿಯಲ್ಲಿ ನನ್ನ ಪಕ್ಕದಲ್ಲೇ ನಿಂತು ಕರೀಮ್‌ಗೆ ಶಾಪ ಹಾಕಿ ದುವಾ ಮಾಡುತ್ತಿದ್ದ. ನಾನು ಪಕ್ಕದಲ್ಲಿ ಆಮೀನ್ ಅನ್ನುತ್ತಿದ್ದೆ. ಎಂಥ ಮನುಷ್ಯ ನಾನು!

ಜುಲೈ ಮೊದಲ ವಾರ ಅವರ ಸೀಮೆಯ ರಾಜಧಾನಿ ಉರುಮ್ಚಿಯಲ್ಲಿ ಗಲಭೆ ಅಂತ ಟೀವಿಯಲ್ಲಿ ಬಂತು. ಬೆಂಕಿ, ರಕ್ತ, ಓಡುವ ಜನ. ಝೈನಬ ಟೀವಿ ಆಫ್ ಮಾಡಿ ನನ್ನ ಎದುರು ನಿಂತಳು. "ಈಗ ಹೋಗಿ ಹೇಳಿ. ನೀವು ಹೇಳದಿದ್ದರೆ ನಾನು ಹೋಗಿ ಹೇಳುತ್ತೇನೆ."

ಹೋದೆ. ಒಲೆಯ ಮುಂದೆಯೇ ಎಲ್ಲ ಹೇಳಿದೆ. ಮಾರ್ಕರ್, ಆರು ಬದಿ, ಫೋಟೋ, ಅವನ ಉಮ್ಮನ ಬೆರಳು, ಒಂದನ್ನೂ ಬಿಡಲಿಲ್ಲ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದರೆ ಹೊಡೆಯಲಿ ಅಂತ ನಿಂತೆ. ಅವನು ಒಲೆಯಲ್ಲಿದ್ದ ರೊಟ್ಟಿ ಕರಟುವವರೆಗೆ ನನ್ನನ್ನೇ ನೋಡಿದ. ಆಮೇಲೆ ಏಪ್ರನಿನಲ್ಲಿ ಕೈ ಒರೆಸಿ ಮೊಬೈಲ್ ತೆಗೆದು ಕರೀಮ್‌ನ ನಂಬರ್ ಒತ್ತಿದ. ಯಾವಳೋ ಚೀನಿಯಲ್ಲಿ ಏನೋ ಹೇಳಿದಳು, ಲೈನ್ ಸತ್ತಿತು. ಮತ್ತೆ ಒತ್ತಿದ. ಮತ್ತೆ ಅದೇ. ಆ ಇಡೀ ಸೀಮೆಗೆ ಹೊರದೇಶದ ಫೋನು ಕಡಿದುಹಾಕಿದ್ದಾರೆ ಅಂತ ನಮಗೆ ಗೊತ್ತಾದದ್ದು ಮರುದಿನ.

ಈಗ ನವೆಂಬರ್. ಲೈನ್ ಇನ್ನೂ ಬಂದಿಲ್ಲ. ಎಕ್ರಮ್ ಎಲ್ಲಿದ್ದಾನೆ, ಉಮ್ಮನಿಗೆ ಯಾರು ನೀರು ಕೊಡುತ್ತಾರೆ, ಯಾರಿಗೂ ಗೊತ್ತಿಲ್ಲ. ಕರೀಮ್ ಒಬ್ಬನಾದರೂ ಹೋಗಿ ನೋಡುತ್ತಿದ್ದನೋ ಏನೋ. ಆದರೆ ದೋಸ್ತಿಯಿಂದ ಅಷ್ಟು ಕೆಟ್ಟ ಶಾಪ ತಿಂದವನು ಆ ಮನೆಯ ಬಾಗಿಲಿಗೆ ಯಾಕೆ ಹೋಗುತ್ತಾನೆ?

ನಾನು ಪೆಟ್ಟಿಗೆ ಕಟ್ಟುವುದು ಬಿಟ್ಟಿದ್ದೇನೆ. ಪ್ರತಿದಿನ ಸಂಜೆಯ ಅಸರ್ ನಮಾಝ್ ಮುಗಿಸಿ ಬೇಕರಿಗೆ ಹೋಗುತ್ತೇನೆ. ತುರ್ಸುನ್ ಈಗ ನನ್ನನ್ನು ಅಕಾ ಅನ್ನುವುದಿಲ್ಲ, ಹೆಸರೂ ಹಿಡಿಯುವುದಿಲ್ಲ. ನಂಬರ್ ಒತ್ತಿ ಫೋನನ್ನು ನನ್ನ ಕೈಗೆ ಕೊಡುತ್ತಾನೆ. ಲೈನ್ ಸಿಕ್ಕಿದ ದಿನ ಕರೀಮ್‌ಗೆ ನಾನೇ ಹೇಳಬೇಕು ಅಂತ ತನ್ನ ಭಾಷೆಯಲ್ಲಿ ಒಂದು ವಾಕ್ಯ ಕಲಿಸಿದ್ದಾನೆ. ಮೆನ್ ಯಾಝ್ದಿಮ್, ಕರೀಮ್ ಎಮೆಸ್. ಬರೆದವನು ನಾನು, ಕರೀಮ್ ಅಲ್ಲ. ಈಗ ಅದು ನನಗೆ ಒಂದು ತಪ್ಪಿಲ್ಲದೆ ಬರುತ್ತದೆ. ಫೋನ್ ಕಿವಿಗೆ ಇಟ್ಟು ಕಾಯುತ್ತೇನೆ. ಆ ಹೆಂಗಸು ಚೀನಿಯಲ್ಲಿ ತನ್ನ ಮಾತು ಹೇಳಿ ಮುಗಿಸುತ್ತಾಳೆ, ಲೈನ್ ಹೋಗುತ್ತದೆ, ನಾನು ಫೋನ್ ವಾಪಸು ಕೊಡುತ್ತೇನೆ.