ಗಂಜಿ ಹಾಕಿದ ಜೆರ್ಸಿ

ಲಾಂಡ್ರಿಯ ಮೇಲಿನ ಸಾಲಿನಲ್ಲಿದ್ದ ಬಟ್ಟೆಗಂಟುಗಳನ್ನು ಏಣಿ ಇಡದೆ ಇಳಿಸಬಲ್ಲವಳು ಅವಳೊಬ್ಬಳೇ. ಹಾಗಾಗಿ ಅವಳಿಗೇ ಏಣಿ ಎಂದು ಹೆಸರು ಬಿತ್ತು. ಹನ್ನೆರಡನೇ ವಯಸ್ಸಿಗೆ ಬಿದ್ದ ಹೆಸರು ಇಪ್ಪತ್ತಾದರೂ ಬಿಟ್ಟಿರಲಿಲ್ಲ. ಕಾಲೇಜಿನ ಬಾಸ್ಕೆಟ್‌ಬಾಲ್ ಅಂಕಣದಲ್ಲೂ ಹುಡುಗಿಯರು ಹಾಗೇ ಕೂಗುತ್ತಿದ್ದರು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದೊಳಗೆ ಮಡಿಕೆ ಕೆಡದೆ ಕ್ಷೇಮವಾಗಿತ್ತು.

ಲಾಂಡ್ರಿ ದೊಡ್ಡದೇನಲ್ಲ. ಮುಂದೆ ಕೌಂಟರು, ಅದರ ಹಿಂದೆ ನಾಲ್ಕು ಇಸ್ತ್ರಿ ಮೇಜು, ಇನ್ನೂ ಹಿಂದೆ ಬಟ್ಟೆ ಒಗೆಯುವ ಎರಡು ಯಂತ್ರ, ಕೊನೆಯಲ್ಲಿ ಗಂಜಿ ಕಾಯಿಸುವ ಒಲೆ. ಯಂತ್ರಗಳ ಉಸ್ತುವಾರಿ ಅವಳ ಸೋದರಮಾವನದು. ಕಿಟಕಿಯ ಬಳಿ ಕೂತು ಉದುರಿದ ಗುಂಡಿ, ಬಿಚ್ಚಿದ ಅಂಚು ಹೊಲಿಯುವ ಮುದುಕಿಗೆ ಗುಂಡಿಯಜ್ಜಿ ಎನ್ನುತ್ತಿದ್ದರು. ಒಲೆ ಮತ್ತು ಮೊದಲನೇ ಮೇಜು ಅವಳ ಅಮ್ಮನವು. ಮಗಳು ಮೂರು ವರ್ಷದವಳಿದ್ದಾಗ ಗಂಡ ತೀರಿಕೊಂಡ ಮೇಲೆ ಅಮ್ಮ ಆ ಒಲೆಯ ಮುಂದೆ ಬಂದು ನಿಂತವಳು ಅಲ್ಲಿಂದ ಕದಲಿರಲಿಲ್ಲ.

ಗಂಜಿಯ ಹದ ಅಮ್ಮನ ಕೈಗೆ ಗೊತ್ತಿತ್ತು. ಡಾಕ್ಟರರ ಬಿಳಿ ಕೋಟಿಗೆ ತೆಳುಗಂಜಿ, ಹೋಟೆಲಿನಲ್ಲಿ ಬಡಿಸುವವರ ಮೇಲಂಗಿಗೆ ಗಟ್ಟಿಗಂಜಿ, ಯಾರಾದರೂ ಹೊಸ ಕೆಲಸಕ್ಕೆ ಸೇರುವ ದಿನ ತೊಡುವ ಅಂಗಿಗೆ ಅವೆರಡರ ನಡುವಿನದು. ಗಂಜಿ ಎಂದರೆ ಅವಳ ಪಾಲಿಗೆ ಮರ್ಯಾದೆ. ಮುದುರಿದ ಬಟ್ಟೆ ತೊಟ್ಟು ನಾಲ್ಕು ಜನರ ಮುಂದೆ ನಿಲ್ಲುವುದನ್ನು ಅವಳು ಹಗೆಗಳಿಗೂ ಬಯಸುತ್ತಿರಲಿಲ್ಲ. ಬೆಳಿಗ್ಗೆ ಮೊದಲ ಗಂಜಿ ಇಳಿಸುವಾಗ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದಳು. ಏನು ಕೇಳುತ್ತಿದ್ದಳೋ ಕಾಣೆ. ಕೇಳುವ ಹೆಂಗಸಲ್ಲ, ಬಹುಶಃ ಬಂದೆನೆಂದು ಹೇಳುತ್ತಿದ್ದಳು, ಅಷ್ಟೇ.

ಹೈಸ್ಕೂಲಿನ ಕೊನೆಯ ವರ್ಷ ಏಣಿ ಒಂದು ಪಂದ್ಯದಲ್ಲಿ ಕೊನೆಯ ಎರಡು ನಿಮಿಷದಲ್ಲಿ ಐದು ಸಲ ಚೆಂಡನ್ನು ರಿಂಗಿನೊಳಗೆ ಹಾಕಿ, ಸೋತು ಹೋಗಿದ್ದ ಆಟವನ್ನು ಗೆಲ್ಲಿಸಿದ್ದಳು. ಅದನ್ನು ಕಣ್ಣಾರೆ ಕಂಡವರು ಲಾಂಡ್ರಿಯಲ್ಲಿ ಮೂವರು. ಕಂಡವರಂತೆ ಹೇಳುವವರು ಇಡೀ ಬೀದಿ. ಆ ಆಟದ ಮೇಲೆಯೇ ಕಾಲೇಜಿನವರು ಕರೆದು ಸೀಟು ಕೊಟ್ಟರು. ಅಂದಿನಿಂದ ಲಾಂಡ್ರಿಯ ಯಜಮಾನರಿಗೆ ಒಂದೇ ಮಾತು: "ನಮ್ಮ ಏಣಿ ಯೂನಿವರ್ಸಿಟಿ ಟೀಮಿಗೆ ಹೋಗೋಳು. ಬರೆದಿಟ್ಕೊಳ್ಳಿ." ಬಟ್ಟೆ ಕೊಡಲು ಬಂದವರಿಗೆ ರಸೀದಿಯ ಜೊತೆ ಈ ಮಾತೂ ಸಿಗುತ್ತಿತ್ತು.

ಕಾಲೇಜಿನಲ್ಲಿ ಆಟ ಬೇರೆಯಾಗಿತ್ತು. ಶಾಲೆಯಲ್ಲಿ ಅವಳೆದುರು ನಿಲ್ಲುವವರ ತಲೆ ಅವಳ ಭುಜಕ್ಕೆ ಬರುತ್ತಿತ್ತು. ಇಲ್ಲಿ ಅವಳಿಗಿಂತ ಎತ್ತರದವರು ನಾಲ್ವರಿದ್ದರು. ಕೋಚ್ ಮೇಡಂ ಮೊದಲ ತಿಂಗಳೇ ಹೇಳಿದ್ದರು: "ಮುಂದೆ ಯಾರೂ ಇಲ್ಲದಿದ್ರೆ ನಿನ್ನಂಥ ಕೈ ಇನ್ನೊಂದಿಲ್ಲ. ಯಾರಾದ್ರೂ ಹತ್ರ ಬಂದ ತಕ್ಷಣ ನಿನ್ನ ಮಣಿಕಟ್ಟು ಅವಸರ ಮಾಡತ್ತೆ. ಅದನ್ನ ತಿದ್ದಬೇಕು." ಎರಡು ವರ್ಷ ತಿದ್ದಿದರು. ಕೊಂಚ ಸರಿಹೋಯಿತು, ಪೂರ್ತಿ ಸರಿಹೋಗಲಿಲ್ಲ. ಇದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಹೇಳಿದ್ದರೂ ಯಜಮಾನರು ನಂಬುತ್ತಿರಲಿಲ್ಲ.

ಅಂತರಕಾಲೇಜು ಫೈನಲ್ಲು ಶನಿವಾರ ಇತ್ತು. ಯೂನಿವರ್ಸಿಟಿ ತಂಡಕ್ಕೆ ಹನ್ನೆರಡು ಮಂದಿಯನ್ನು ಆರಿಸುವವರು ಆ ಆಟ ನೋಡಲು ಬರುವವರಿದ್ದರು. ಶುಕ್ರವಾರ ಸಂಜೆ ಏಣಿ ತನ್ನ ಒಂಬತ್ತನೇ ನಂಬರಿನ ಹೊಸ ಜೆರ್ಸಿಯನ್ನು ಒಗೆಯಲು ಹಾಕಿ, ಅಭ್ಯಾಸಕ್ಕೆ ಹೋದಳು. ಕಾಲೇಜಿನವರು ಈ ಸಲ ಅರ್ಧ ಹತ್ತಿನೂಲು ಬೆರೆತ ಬಟ್ಟೆಯಲ್ಲಿ ಹೊಲಿಸಿದ್ದರು. ಅಮ್ಮ ಅದನ್ನು ಹಿಂಡಿ ಎತ್ತಿ ಹಿಡಿದು ನೋಡಿದಳು. ಜೋಲು ಬಿದ್ದಿತ್ತು. ನಾಳೆ ಅಷ್ಟೊಂದು ಜನ, ಮುಂದೆ ದೊಡ್ಡವರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನನ್ನ ಮಗಳು ಇದನ್ನು ತೊಟ್ಟು ನಿಲ್ಲುವುದೇ? ಅವಳು ಒಲೆ ಹೊತ್ತಿಸಿದಳು. ಬಡಿಸುವವರ ಮೇಲಂಗಿಗೆ ಹಾಕುವ ಹದಕ್ಕಿಂತ ಒಂದು ಸೌಟು ಜಾಸ್ತಿಯೇ ಗಟ್ಟಿ ಮಾಡಿ, ಜೆರ್ಸಿಯನ್ನು ಎರಡು ಸಲ ಅದ್ದಿ, ಒಣಗಿಸಿ, ಭುಜದಿಂದ ಕೆಳಗಿನವರೆಗೆ ಕತ್ತಿಯಂಥ ಗೆರೆ ಬರುವಂತೆ ಇಸ್ತ್ರಿ ಮಾಡಿದಳು. ಮಡಿಸಿ, ಕಾಗದ ಸುತ್ತಿ, ಮಗಳ ಚೀಲದಲ್ಲಿಟ್ಟಳು. ಹದಿನೇಳು ವರ್ಷ ಊರಿಗೆಲ್ಲ ಮಾಡಿದ್ದನ್ನು ಅಂದು ಮಗಳಿಗೆ ಮಾಡಿದಳು.

ಶನಿವಾರ ಲಾಂಡ್ರಿಗೆ ಅರ್ಧ ದಿನ ರಜೆ. ಹನ್ನೊಂದು ಜನ ಹೋಗಿ ಮೂರನೇ ಸಾಲಿನಲ್ಲಿ ಕೂತರು. ಏಣಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಕಾಗದ ಬಿಚ್ಚಿದಾಗ ಜೆರ್ಸಿ ತಾನೇ ನೆಟ್ಟಗೆ ನಿಂತುಕೊಳ್ಳುವಂತಿತ್ತು. ಪಕ್ಕದ ಹುಡುಗಿ ಬೆರಳಿನಿಂದ ತಟ್ಟಿ ನೋಡಿ, "ಒಳಗೆ ಯಾರಿದೀರಿ?" ಎಂದಳು. ಎಲ್ಲರೂ ನಕ್ಕರು, ಏಣಿಯೂ ನಕ್ಕಳು. ಬದಲಿಸಲು ಸಮಯವಿರಲಿಲ್ಲ.

ಒಣಗಿದ್ದಾಗ ಅದು ರಟ್ಟು; ಕೈ ಎತ್ತಿದರೆ ಕಂಕುಳಲ್ಲಿ ಚರಚರ ಎನ್ನುತ್ತಿತ್ತು. ಐದು ನಿಮಿಷ ಓಡಿ ಬೆವರು ಬಂದ ಮೇಲೆ ಅಂಟಾಯಿತು. ಮೊದಲರ್ಧದಲ್ಲಿ ಏಳು ಸಲ ಎಸೆದಳು. ಒಂದು ಒಳಗೆ ಹೋಯಿತು.

"ಏಣೀ! ಹಾಕೇ ತಾಯಿ!" ಎಂದು ಯಜಮಾನರು ಕೂಗುತ್ತಿದ್ದರು.

"ಸ್ವಲ್ಪ ಸುಮ್ಮನಿರಿ, ನೀವು ಕೂಗಿದಾಗಲೆಲ್ಲ ಚೆಂಡು ಬೆಚ್ಚಿಬೀಳ್ತಿದೆ," ಎಂದಳು ಗುಂಡಿಯಜ್ಜಿ.

ವಿರಾಮದಲ್ಲಿ ಕೋಚ್ ಮೇಡಂ ಅವಳ ಭುಜ ಮುಟ್ಟಿ ಕೈ ಹಿಂದೆಳೆದುಕೊಂಡರು. "ಏನಿದು, ಗೋಂದು ಹಚ್ಕೊಂಡು ಬಂದಿದೀಯಾ?"

ಏಣಿಯ ಚೀಲದ ತಳದಲ್ಲಿ ಹೋದ ವರ್ಷದ ಜೆರ್ಸಿಯಿತ್ತು. ಅದೂ ಒಂಬತ್ತನೇ ನಂಬರಿನದೇ, ಅದೇ ನೀಲಿ; ಅದರ ಬಿಚ್ಚಿದ್ದ ಅಂಚನ್ನು ಗುಂಡಿಯಜ್ಜಿ ಆ ವಾರವಷ್ಟೇ ಹೊಲಿದು ಕೊಟ್ಟಿದ್ದಳು. ಹೂವಿನಷ್ಟು ಮೆತ್ತಗಿತ್ತು. ತೊಟ್ಟುಕೊಂಡಳು. ಮೂರನೇ ಸಾಲಿನಿಂದ ನೋಡಿದವರಿಗೆ ವ್ಯತ್ಯಾಸ ಕಾಣಲಿಲ್ಲ.

ಎರಡನೇ ಅರ್ಧದಲ್ಲಿ ಎಂಟು ಸಲ ಎಸೆದಳು. ಎರಡು ಹೋದವು. ಕೊನೆಯಲ್ಲಿ ಅವರ ತಂಡ ಒಂದೇ ಒಂದು ಅಂಕ ಹಿಂದಿತ್ತು, ಎಂಟು ಸೆಕೆಂಡು ಉಳಿದಿತ್ತು, ಚೆಂಡು ಅವಳ ಕೈಗೆ ಬಂತು. ಎದುರಿಗಿದ್ದವಳು ಇನ್ನೂ ಎರಡು ಹೆಜ್ಜೆ ದೂರದಲ್ಲಿದ್ದಳು. ಎರಡು ಹೆಜ್ಜೆ ಎಂದರೆ ಬೇಕಾದಷ್ಟು. ಆದರೆ ಅವಳು ಬರುತ್ತಿರುವುದು ಏಣಿಗೆ ಕಾಣಿಸಿತು, ಮಣಿಕಟ್ಟು ಅವಸರ ಮಾಡಿತು. ಚೆಂಡು ರಿಂಗಿನ ಅಂಚಿಗೆ ತಾಗಿ ಹೊರಗೆ ಬಿತ್ತು. ಮೂರನೇ ಸಾಲು ಒಟ್ಟಿಗೆ "ಅಯ್ಯೋ" ಎಂದಿತು. ಆಮೇಲೆ ಹನ್ನೆರಡು ಹೆಸರು ಓದಿದರು. ಹಾಜರಿ ಪುಸ್ತಕದ ಆ ಹೆಸರು ಅದರಲ್ಲಿರಲಿಲ್ಲ.

ಭಾನುವಾರ ಬೆಳಿಗ್ಗೆ ಲಾಂಡ್ರಿಯಲ್ಲಿ ಮಾವ ಒಗೆಯುವ ಬಟ್ಟೆ ಬೇರ್ಪಡಿಸುತ್ತಿದ್ದಾಗ ಹೊಸ ಜೆರ್ಸಿ ಕೈಗೆ ಸಿಕ್ಕಿತು. ಬೆವರಿನಲ್ಲಿ ನೆನೆದು ಮತ್ತೆ ಒಣಗಿ, ಮುದುರಿದ ಹಾಗೇ ಗಟ್ಟಿಯಾಗಿತ್ತು.

"ಅಕ್ಕಾ, ಇದಕ್ಕೆ ಗಂಜಿ ಹಾಕಿದ್ಯಾ?"

"ಹೂಂ. ಯಾಕೆ?"

"ಆಟ ಆಡೋ ಬಟ್ಟೆಗೆ? ಗಂಜಿ?"

ಯಜಮಾನರು ಕೌಂಟರು ಬಿಟ್ಟು ಎದ್ದು ಬಂದರು. ಜೆರ್ಸಿಯನ್ನು ಹಿಡಿದು ಬಗ್ಗಿಸಲು ನೋಡಿದರು. ಅವರ ಮುಖದಲ್ಲಿ ನಿನ್ನೆಯಿಂದ ಇಲ್ಲದ ಕಳೆ ಬಂತು. "ಹಾಗೆ ಹೇಳಿ ಮತ್ತೆ! ನಾನು ರಾತ್ರಿಯೆಲ್ಲ ತಲೆ ಕೆಡಿಸ್ಕೊಂಡಿದ್ದೆ. ಇದನ್ನ ತೊಟ್ಕೊಂಡು ಕೈ ಎತ್ತೋದಾದ್ರೂ ಹೇಗೆ? ನಮ್ಮ ಏಣಿ ಗುರಿ ತಪ್ಪೋದುಂಟಾ?"

ಅಮ್ಮ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಮೆಲ್ಲಗೆ ಅದರ ಸ್ಟ್ಯಾಂಡಿನ ಮೇಲಿಟ್ಟಳು.

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಯಾರೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಹಾಲಿನಂಗಡಿಯವನು, "ಬೇಜಾರು ಮಾಡ್ಕೋಬೇಡಮ್ಮ, ನಿನ್ನ ತಪ್ಪೇನಿದೆ? ಪಾಪ, ಅಮ್ಮಂಗೆ ಗೊತ್ತಾಗ್ಲಿಲ್ಲ," ಎಂದ. ಏಣಿ ತಲೆಯಾಡಿಸಿದಳು. ನಿಜ ಹೇಳಬೇಕೆಂದರೆ ಆ ಮಾತು ಅವಳಿಗೆ ಹಿತವಾಗಿತ್ತು. ಮಳೆ ಬಂದಾಗ ಯಾರದೋ ಮನೆಯ ಸೂರಿನಡಿ ನಿಂತಷ್ಟು ಹಿತ. ಹಳೆಯ ಜೆರ್ಸಿಯನ್ನು ಚೀಲದಿಂದ ತೆಗೆದು ಹಾಸಿಗೆಯ ಕೆಳಗೆ ತುರುಕಿದಳು. ಲಾಂಡ್ರಿಯ ಮಗಳು ಒಗೆಯದ ಅಂಗಿಯನ್ನು ಬಚ್ಚಿಟ್ಟಿದ್ದು ಅದೇ ಮೊದಲು.

ಸೋಮವಾರ ಅಮ್ಮ ಒಲೆ ಹೊತ್ತಿಸಲಿಲ್ಲ. ಮಂಗಳವಾರವೂ ಹೊತ್ತಿಸಲಿಲ್ಲ. ಹೋಟೆಲಿನವರು ಇಪ್ಪತ್ತು ಮೇಲಂಗಿಗಳನ್ನು ವಾಪಸು ಕಳಿಸಿದರು: ಜೋಲು ಬಿದ್ದಿವೆ, ಬಡಿಸುವವರು ಕಾಯಿಲೆಯವರಂತೆ ಕಾಣುತ್ತಿದ್ದಾರೆ ಎಂದು ಚೀಟಿ ಬರೆದಿದ್ದರು. ಯಜಮಾನರು ಕೇಳಿದರೆ ಅಮ್ಮ, "ಬೇರೆ ಯಾರಿಗಾದ್ರೂ ಹೇಳಿ. ನನ್ನ ಕೈಗೆ ಹದ ತಪ್ಪಿದೆ," ಎಂದಳು.

ಮಂಗಳವಾರ ಸಂಜೆ ಏಣಿ ಮನೆಗೆ ಬಂದಾಗ ಅಮ್ಮ ಮೂಲೆಯಲ್ಲಿ ದೇವರ ಮುಂದೆ ಕೂತಿದ್ದಳು. ಯಾವತ್ತೂ ಕೇಳದ ಹೆಂಗಸು ಅಂದು ಕೇಳುತ್ತಿದ್ದಳು. "ಅವಳ ದಾರಿಗೆ ನಾನೇ ಅಡ್ಡ ಬಂದೆ. ಶಿಕ್ಷೆ ಏನಿದ್ರೂ ನನಗಿರ್ಲಿ, ಅವಳಿಗೆ ಇನ್ನೊಂದು ಸಲ ಬಾಗಿಲು ತೆಗಿ." ಮಗಳು ನಿಂತಿರುವುದನ್ನು ಕಂಡು ಕಣ್ಣು ಒರೆಸಿಕೊಂಡು ಎದ್ದಳು. "ನಾಳೆ ನಿಮ್ಮ ಕೋಚ್ ಮೇಡಂ ಹತ್ರ ಹೋಗ್ತೀನಿ ಕಣೇ. ತಪ್ಪೆಲ್ಲ ನಂದು, ಮಗೂನ ಇನ್ನೊಂದ್ಸಲ ಆಡಿಸಿ ನೋಡಿ ಅಂತ ಕಾಲು ಹಿಡೀತೀನಿ. ದೊಡ್ಡವರು, ಇಲ್ಲ ಅನ್ನಲ್ಲ."

"ಬೇಡಮ್ಮ."

"ನೀನು ಸುಮ್ಮನಿರು. ನಿನಗೆ ನನ್ನ ಮೇಲೆ ಕೋಪ ಇಲ್ದಿದ್ರೂ ನನಗಿದೆ."

ದೇವರು ಕೆಲವೊಮ್ಮೆ ಎದುರಿಗೆ ನಿಂತು ಏನೂ ಹೇಳುವುದಿಲ್ಲ; ಅಮ್ಮನ ಬಾಯಲ್ಲಿ ಹೇಳಿಸಿ, ಮಗಳು ಏನು ಮಾಡುತ್ತಾಳೆಂದು ಕಾಯುತ್ತಾನೆ. ಏಣಿ ಅಂದು ಊಟ ಮಾಡಿದಳು, ಮಲಗಿದಳು, ನಿದ್ದೆಯೂ ಬಂತು. ಬುಧವಾರ ಬೆಳಿಗ್ಗೆ ಎದ್ದು ಹಾಸಿಗೆಯ ಕೆಳಗೆ ಕೈ ಹಾಕಿದಳು.

ಲಾಂಡ್ರಿಯಲ್ಲಿ ಎಲ್ಲರೂ ಇದ್ದರು. ಅಮ್ಮ ಕೋಚ್ ಮೇಡಂ ಬಳಿ ಹೋಗಲೆಂದು ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಏಣಿ ಹಳೆಯ ಜೆರ್ಸಿಯನ್ನು ಮೊದಲನೇ ಮೇಜಿನ ಮೇಲೆ ಹರಡಿದಳು.

"ಅರ್ಧ ಆಟ ಆದ್ಮೇಲೆ ನಾನು ಇದನ್ನ ಹಾಕ್ಕೊಂಡಿದ್ದೆ," ಎಂದಳು. "ಗಂಜಿ ಜೆರ್ಸಿ ತೆಗೆದಿಟ್ಟಿದ್ದೆ. ಆಮೇಲೂ ಎಂಟು ಎಸೆದೆ. ಎರಡೇ ಹೋಗಿದ್ದು. ಕೊನೇದು ಇದ್ರಲ್ಲೇ ಎಸೆದಿದ್ದು."

ಮಾವ ಯಂತ್ರ ನಿಲ್ಲಿಸಿದ.

"ಸುಳ್ಳು," ಎಂದರು ಯಜಮಾನರು. "ಅಮ್ಮನ್ನ ಉಳಿಸೋಕೆ ಹೇಳ್ತಿದೀಯ. ಒಳ್ಳೆ ಹುಡುಗಿ ನೀನು, ಆದ್ರೆ ಸುಳ್ಳು."

ಆಗ ಮಾವ ಜೆರ್ಸಿಯನ್ನು ಎತ್ತಿ ಬೆಳಕಿಗೆ ಹಿಡಿದ. ಬಟ್ಟೆ ಓದಲು ಬಲ್ಲವರ ಮುಂದೆ ಬಟ್ಟೆ ಸುಳ್ಳು ಹೇಳಲಾರದು. ಬೆನ್ನಿನ ಮೇಲೆ, ಎದೆಯ ಮೇಲೆ ಉಪ್ಪಿನ ಬಿಳಿ ಗೆರೆಗಳು ಒಣಗಿದ್ದವು. ಅವನು ಮೂಸಿ, ಮೂಗು ಸಿಂಡರಿಸಿದ. "ನಾಲ್ಕು ದಿನದ ಬೆವರು. ಶನಿವಾರದ್ದೇ."

ಗುಂಡಿಯಜ್ಜಿ ಕನ್ನಡಕ ಏರಿಸಿ ಅಂಚು ನೋಡಿದಳು. "ನಾನು ಹಾಕಿದ ಹೊಲಿಗೆ. ಶುಕ್ರವಾರ ಬೆಳಿಗ್ಗೆ ಕೊಟ್ಟಾಗ ನೆಟ್ಟಗಿತ್ತು, ಈಗ ಎರಡು ಕಡೆ ಬಿಟ್ಟಿದೆ. ಇದನ್ನ ತೊಟ್ಟು ಹುಡುಗಿ ಚೆನ್ನಾಗೇ ಓಡಿದಾಳೆ, ಬಿಡಿ."

ಯಜಮಾನರು ಆ ಹೊಲಿಗೆಯನ್ನು ಮುಟ್ಟಿ ನೋಡಿ ಕೇಳಿದರು. "ಹಾಗಾದ್ರೆ... ಆರಿಸಿದ್ರಲ್ಲ, ಆ ಹುಡುಗೀರು? ಅವರು ನಿನಗಿಂತ ಚೆನ್ನಾಗಿ ಆಡ್ತಾರಾ?"

"ಹೂಂ, ಯಜಮಾನ್ರೇ. ಯಾರಾದ್ರೂ ಹತ್ರ ಬಂದ್ರೆ ನನ್ನ ಕೈ ಅವಸರ ಮಾಡತ್ತೆ. ಎರಡು ವರ್ಷದಿಂದ ಹಾಗೇ ಇದೆ. ನಿಮಗೆಲ್ಲ ಹೇಳೋಕೆ ಧೈರ್ಯ ಬರ್ಲಿಲ್ಲ."

ಯಜಮಾನರು ಕೌಂಟರಿಗೆ ಹೋಗಿ ಕೂತರು. ರಸೀದಿ ಪುಸ್ತಕ ತೆರೆದರು, ಮುಚ್ಚಿದರು. ಅವರದು ತುಂಬಾ ದಿನದ ಆಸೆ. ಅದನ್ನು ಇಳಿಸಿಡಲು ಜಾಗ ಹುಡುಕುತ್ತಿದ್ದರು.

ಅಮ್ಮ ಮಗಳ ಹತ್ತಿರ ಬಂದು, ಅವಳ ಮುಖ ನೋಡಲು ತಲೆ ಎತ್ತಿ, ಮೆಲುದನಿಯಲ್ಲೇ ಹೇಳಿದಳು: "ಮೂರು ದಿನ. ಮೂರು ದಿನ ನನ್ನನ್ನ ನೋಡ್ತಾ ಸುಮ್ಮನಿದ್ದೆ ಅಲ್ವೇನೇ."

"ಹೂಂ."

"ಆಡೋಕೆ ಬರ್ಲಿಲ್ಲ ಅಂದಿದ್ರೆ ನಾನೇನು ಮನೆಯಿಂದ ಹೊರಗೆ ಹಾಕ್ತಿದ್ನಾ? ಅದು ಸೋಲು, ಬಿಡು. ಇದು ಮಾತ್ರ ನಂಗೆ ನೋವಾಯ್ತು."

"ತಪ್ಪಾಯ್ತಮ್ಮ."

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಒಳ್ಳೆಯ ಸೀರೆ ಎಂಬುದನ್ನೂ ಮರೆತು. ಹಳೆಯ ಜೆರ್ಸಿಯನ್ನು ತಮ್ಮನ ಕೈಯಿಂದ ಕಿತ್ತುಕೊಂಡು ಯಂತ್ರಕ್ಕೆ ಎಸೆದಳು. ಒಲೆ ಹೊತ್ತಿಸಿದಳು. ಪಾತ್ರೆಗೆ ನೀರು ಸುರಿದು, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತಳು. ಆಮೇಲೆ ಬೆನ್ನು ತಿರುಗಿಸಿಯೇ ಅಂದಳು: "ಕಾಲೇಜಿಗೆ ಹೊತ್ತಿದೆಯಲ್ಲ? ಮೇಲಿನ ಸಾಲಿನ ಗಂಟು ಇಳಿಸಿ ಹೋಗು. ಮೂರು ದಿನದಿಂದ ನಿಮ್ಮ ಮಾವ ಕುರ್ಚಿ ಹತ್ತಿ ಒದ್ದಾಡ್ತಿದಾನೆ."

ಏಣಿ ಗಂಟುಗಳನ್ನು ಇಳಿಸಿದಳು. ನಾಲ್ಕಿದ್ದವು.

ಮುಂದಿನ ತಿಂಗಳು ಪಕ್ಕದ ಕಾಲೇಜಿನ ಜೊತೆ ಒಂದು ಸಣ್ಣ ಪಂದ್ಯ ಇತ್ತು. ಆರಿಸುವವರು ಯಾರೂ ಬಂದಿರಲಿಲ್ಲ. ಲಾಂಡ್ರಿಯಿಂದ ಅಮ್ಮ, ಮಾವ, ಗುಂಡಿಯಜ್ಜಿ ಬಂದರು. ಯಜಮಾನರು ಕೆಲಸವಿದೆ ಎಂದಿದ್ದರು. ಅರ್ಧ ಆಟ ಆದ ಮೇಲೆ ಬಂದು ಹಿಂದಿನ ಸಾಲಿನಲ್ಲಿ ಕೂತರು, ಕೂಗಲಿಲ್ಲ. ಏಣಿ ಹತ್ತು ಎಸೆದು ನಾಲ್ಕು ಹಾಕಿದಳು. ಎರಡು ಸಲ ಮಣಿಕಟ್ಟು ಅವಸರ ಮಾಡಲು ಹೊರಟಾಗ ಚೆಂಡನ್ನು ಪಕ್ಕದವಳಿಗೆ ಕೊಟ್ಟಳು. ಅವರ ತಂಡ ಗೆದ್ದಿತು.

ಬರುವ ದಾರಿಯಲ್ಲಿ ಅಮ್ಮ ಕೊನೆಗೆ ತಡೆಯಲಾರದೆ ಹೇಳಿದಳು:

"ಆಟ ಚೆನ್ನಾಗಿತ್ತು. ಜೆರ್ಸಿ ಮಾತ್ರ ಬೆನ್ನಿನ ಮೇಲೆ ಬಹಳ ಮುದುರಿತ್ತು ಕಣೇ."

"ಅಮ್ಮಾ."

"ಏನೂ ಹಾಕಲ್ಲ. ಸುಮ್ಮನೆ ಹೇಳಿದೆ."